ಇಳಿಜಾರಿಗೆ ಎದುರಾಗಿ ರಹಮತ್ ಉಸ್ತಾದ್

ರಹಮತ್ ಉಸ್ತಾದ್ ಎಂದರೆ ನನಗೆ ಮೊದಲು ಕಾಣುವುದು ಜೀಪಿನ ಮುಂಗಾಜಿನ ಆಚೆ ನಿಂತ ಬಿಳಿ ಶರ್ಟು. ಗಂಗಾನಗರದಲ್ಲಿ ಅವರ ಗ್ಯಾರೇಜಿನ ಮುಂದಿನ ರಸ್ತೆ ಮೋರಿಯ ಕಡೆಗೆ ಇಳಿಯುತ್ತದೆ. ಯಾವ ಗಾಡಿಯ ಬ್ರೇಕ್ ಕೆಲಸ ಮುಗಿದರೂ ಅವರು ಆ ಇಳಿಜಾರಿನ ನಡುವೆ ಹೋಗಿ, ಗಾಡಿಗೆ ಎದುರಾಗಿ ಕೈಕಟ್ಟಿ ನಿಂತು, "ಬಿಡಿ" ಎನ್ನುತ್ತಿದ್ದರು. ಸ್ಟೀರಿಂಗ್ ಹಿಡಿಯಬೇಕಾದವರು ಗಾಡಿಯ ಯಜಮಾನರು. ಇಂಜಿನ್ ಆಫ್, ಗೇರ್ ನ್ಯೂಟ್ರಲ್. ಗಾಡಿ ತನ್ನ ಭಾರಕ್ಕೆ ತಾನೇ ಉರುಳಿ ಅವರತ್ತ ಬರಬೇಕು, ಅವರು ಕೈ ಎತ್ತಿದಾಗ ನಿಲ್ಲಬೇಕು.

"ಇಂಜಿನ್ ಸೌಂಡ್ ಇದ್ರೆ ಬ್ರೇಕ್ ಸುಳ್ಳು ಹೇಳತ್ತೆ ಮೇಡಂ. ಸುಮ್ನೆ ಉರುಳಿಸ್ರಿ, ಆಗ ನಿಜ ಬಾಯ್ಬಿಡತ್ತೆ."

ಗ್ಯಾರೇಜಿನಲ್ಲಿ ಬಿಳಿ ಶರ್ಟು ಹಾಕುವವರನ್ನು ನಾನು ಬೇರೆ ಕಂಡಿಲ್ಲ. ಕಣ್ಣಿಗೆ ಸುರ್ಮಾ, ಕಿವಿಯಲ್ಲಿ ಅತ್ತರಿನ ಹತ್ತಿ. ಸಂಕೋಚವೆಂಬುದು ಅವರ ಹತ್ತಿರ ಸುಳಿದಿರಲಿಲ್ಲ. "ಹೆಬ್ಬಾಳದಿಂದ ಯಲಹಂಕದವರ್ಗೂ ಕೇಳ್ಕೊಂಡ್ ಬನ್ನಿ, ಬ್ರೇಕ್ ಅಂದ್ರೆ ಯಾರು ಅಂತ" ಎನ್ನುವರು. ಹೀಗೆ ಎದುರು ನಿಲ್ಲುವ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಒಮ್ಮೆ ತಮ್ಮ ಗುರು ಕಲಿಸಿದ್ದೆಂದರು, ಇನ್ನೊಮ್ಮೆ ಯಾರೋ ಲಾರಿ ಮಾಲೀಕನೊಂದಿಗೆ ಪಂಥ ಕಟ್ಟಿದ್ದೆಂದರು. ಮತ್ತೊಮ್ಮೆ ಕೇಳಿದಾಗ, "ನನ್ ಕೆಲ್ಸ, ನಾನ್ ನಿಲ್ತೀನಿ. ಅದ್ರಲ್ಲಿ ಕೇಳೋದೇನಿದೆ?" ಎಂದು ಬೈದರು. ಇವುಗಳಲ್ಲಿ ಒಂದನ್ನು ಆರಿಸಿ ಇದೇ ನಿಜವೆಂದು ಬರೆಯಲಾರೆ.

ಮೊದಲ ಸಲ ನನ್ನನ್ನು ನನ್ನ ಹಳೆಯ ಜೀಪಿನಲ್ಲಿ ಕೂರಿಸಿದಾಗ ಬ್ರೇಕಿನಿಂದ ಕಾಲು ಎತ್ತಲಾಗಲಿಲ್ಲ. "ಡರೋ ನಕ್ಕೋ" ಎಂದರು, ಹೆದರಬೇಡಿ ಎಂದು. ಹೆದರಿಕೆ ಹೇಳಿದ ಮಾತು ಕೇಳುತ್ತದೆಯೇ? ಮೆಲ್ಲಗೆ ಕಾಲು ಬಿಟ್ಟೆ. ಜೀಪು ಉರುಳಿತು. ಪೆಡಲನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ತುಳಿದೆ. ಹಳೆಯ ಡ್ರಮ್ ಬ್ರೇಕಿಗೆ ಹಾಗೆಯೇ ತುಳಿಯಬೇಕೆಂದು ಅವರೇ ಕಲಿಸಿದ್ದರು. ನಿಂತಿತು. ಅವರು ಬಾನೆಟ್ಟಿನ ಮೇಲೆ ಸಲಿಗೆಯಿಂದ ತಟ್ಟಿ ನಕ್ಕರು. ಪಕ್ಕದಲ್ಲಿದ್ದ ಅವರ ತಮ್ಮ ನಯಾಜ್ ಮಾತ್ರ ನಗಲಿಲ್ಲ. "ಭೈ, ಏಕ್ ದಿನ್ ಮರ್ತೇ ತುಮೆ" ಎಂದ. ಒಂದು ದಿನ ಸಾಯ್ತೀಯ ಎಂಬುದು ಅರ್ಥವಾಗಲು ಉರ್ದು ಬರಬೇಕಾಗಿರಲಿಲ್ಲ.

ನಾನು ಮತ್ತು ಸಂಜಯನಗರದ ನನ್ನ ಗೆಳತಿ ಶೈಲಾ ಆ ಹಳೆಯ ಜೀಪಿನಲ್ಲಿ ಗುಡಿಬಂಡೆಯ ಆಚೆಯ ಕಲ್ಲುಗುಡ್ಡಗಳಿಗೆ ಹೋಗುತ್ತಿದ್ದೆವು. ನಾಲ್ಕಾರು ಜೀಪುಗಳ ಗುಂಪು; ರಸ್ತೆಯಿಲ್ಲದ ಕಡೆ ಹತ್ತುವುದು, ಇಳಿಯುವುದು. ಹಿಂದಿನ ವರ್ಷ ಒಂದು ಹಾಸುಬಂಡೆಯಿಂದ ಇಳಿಯುವಾಗ ನೆನೆದ ಬ್ರೇಕು ಹಿಡಿಯದೆ ಜೀಪು ಅಂಚಿನವರೆಗೂ ಜಾರಿಹೋಗಿತ್ತು. ಅಲ್ಲಿಂದಾಚೆ ಆ ಬಂಡೆ ನನ್ನ ಹೊಟ್ಟೆಯೊಳಗೇ ಇತ್ತು. ಈ ಸಲ ಹೊರಡುವ ಮುಂಚೆ ಮುಂದಿನ ಚಕ್ರಗಳಿಗೆ ಡಿಸ್ಕ್, ಜೊತೆಗೆ ಪವರ್ ಬ್ರೇಕ್ ಹಾಕಿಸಬೇಕೆಂದು ಜೀಪನ್ನು ಉಸ್ತಾದರ ಹತ್ತಿರ ಬಿಟ್ಟೆ. ಸ್ಪ್ರಿಂಗ್ ಪಟ್ಟಾ ಬದಲಾಯಿಸಿದರು, ಹೊಸ ಟೈರು ಹಾಕಿದರು. ಕೊನೆಗೆ ಬಾನೆಟ್ ಎತ್ತಿ, ದೊಡ್ಡ ಕಪ್ಪು ಡಬ್ಬಿಯೊಂದನ್ನು ಮದುಮಗನನ್ನು ತೋರಿಸುವಂತೆ ತೋರಿಸಿದರು.

"ಇದು ಬೂಸ್ಟರ್. ಇಂಜಿನ್ ಓಡ್ತಾ ಇದ್ರೆ ನಿಮ್ ಕಾಲಿಗೆ ಇದು ಬಲ ಕೊಡತ್ತೆ. ಸುಮ್ನೆ ಕಾಲಿಟ್ರೆ ಸಾಕು, ಆನೆ ನಿಂತಂಗೆ ನಿಲ್ಲತ್ತೆ."

"ಇಂಜಿನ್ ಆಫ್ ಆದ್ರೆ?" ಎಂದು ಶೈಲಾ ಕೇಳಿದಳು.

"ಒಂದೆರಡು ಸಲ ಒತ್ತೋಷ್ಟು ಬಲ ಒಳಗೆ ಇರತ್ತೆ. ಆಮೇಲೆ ಪೆಡಲು ಕಲ್ಲು."

ಇದನ್ನು ಹೇಳಿದವರು ಅವರೇ, ಕೇಳಿಸಿಕೊಂಡವಳು ನಾನೇ. ಹೇಳಿ ಕೈ ಒರೆಸಿಕೊಂಡು, ಎಂದಿನಂತೆ ಇಳಿಜಾರಿನ ನಡುವೆ ಹೋಗಿ ನಿಂತರು. ಎಂದಿನಂತೆ ನಾನು ಇಂಜಿನ್ ಆಫ್ ಮಾಡಿದೆ. ಯಾರಿಗೂ ಏನೂ ಹೊಳೆಯಲಿಲ್ಲ. ಆ ಡಬ್ಬಿ ಹೊಸದು, ಪದ್ಧತಿ ಹಳೆಯದು.

ಜೀಪು ಉರುಳಿತು. ಅವರು ಕೈ ಎತ್ತಿದರು. ನನ್ನ ಕಾಲು ಕಲಿತದ್ದನ್ನೇ ಮಾಡಿತು: ಒತ್ತಿತು, ಬಿಟ್ಟಿತು, ಒತ್ತಿತು, ಬಿಟ್ಟಿತು. ಮತ್ತೆ ಒತ್ತಿದರೆ ಪೆಡಲು ಇಳಿಯಲೇ ಇಲ್ಲ. ಗೋಡೆಯನ್ನು ಒದ್ದ ಹಾಗೆ. ಜೀಪು ಹೋಗುತ್ತಲೇ ಇತ್ತು, ಸದ್ದೇ ಇಲ್ಲದೆ. ಬಾನೆಟ್ಟಿನ ತುದಿಯಲ್ಲಿ ಮೊದಲು ಅವರ ಮೊಣಕಾಲು ಮರೆಯಾಯಿತು, ಆಮೇಲೆ ತೊಡೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಅವರು ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲಿಟ್ಟು, ನನ್ನನ್ನೇ ನೋಡುತ್ತ, ಒಂದು ಮಾತೂ ಆಡದೆ ಹಿಂದೆ ಹಿಂದೆ ನಡೆದರು ಎಂದು ನನಗೆ ಕಾಣುತ್ತದೆ. ರಸ್ತೆಯ ಬದಿಯಲ್ಲಿದ್ದ ಶೈಲಾ ಹೇಳುವುದೇ ಬೇರೆ: ಅವರು ಕಿರುಚುತ್ತಿದ್ದರಂತೆ, ತಾಯಿಯನ್ನು ಕರೆಯುತ್ತಿದ್ದರಂತೆ. ನನಗೆ ಏನೂ ಕೇಳಿಸಿರಲಿಲ್ಲ. ಬಿಳಿ ಶರ್ಟಿಗೆ ಗ್ರೀಸಿನ ಕರೆ ಹತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಹತ್ತಿತ್ತೋ ಇಲ್ಲವೋ ನೋಡಿದವರಿಲ್ಲ. ಹ್ಯಾಂಡ್‌ಬ್ರೇಕ್ ಎಳೆದದ್ದು ನನ್ನ ಕೈಯೇ ಇರಬೇಕು. ಜೀಪಿನಲ್ಲಿ ಬೇರೆ ಕೈ ಇರಲಿಲ್ಲ.

ನಿಂತಿತು. ನಯಾಜ್ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಉಸ್ತಾದರು ಬಂಪರಿನ ಮುಂದೆ ನೆಲದ ಮೇಲೆ ಕೂತಿದ್ದರು. ಮೂಳೆ ಮುರಿದಿರಲಿಲ್ಲ, ರಕ್ತ ಬಂದಿರಲಿಲ್ಲ. ಎರಡೂ ಕಾಲು ಮಾತ್ರ ತಮ್ಮಷ್ಟಕ್ಕೆ ತಾವೇ ಕುಣಿಯುವಂತೆ ನಡುಗುತ್ತಿದ್ದವು. ಅವನ್ನು ಕೈಯಿಂದ ಒತ್ತಿ ಹಿಡಿದರು.

"ನೋಡ್ರಿ ಮೇಡಂ" ಎಂದರು, ನಗಲು ನೋಡುತ್ತ. "ಇದ್ ಯಾರ್ ಕಾಲು? ನಂದಲ್ಲ ಇದು."

"ಭೈ, ಉಠೋ" ಎಂದು ನಯಾಜ್ ಎಬ್ಬಿಸಲು ಹೋದ.

"ತಡಿಯೋ. ಇಂಜಿನ್ ಆನ್ ಮಾಡ್ಸು. ಇನ್ನೊಂದ್ ಸಲ ನಿಲ್ತೀನಿ."

ಏಳಲು ನೋಡಿದರು, ಆಗಲಿಲ್ಲ. ಕೊನೆಗೆ ನಯಾಜನೇ ಇಂಜಿನ್ ಹಾಕಿ ಖಾಲಿ ರಸ್ತೆಯಲ್ಲಿ ಜೀಪನ್ನು ಬಿಟ್ಟು ನೋಡಿದ. ಕಾಲಿಟ್ಟ ಕಡೆ ನಿಂತಿತು, ಆನೆ ನಿಂತಂತೆಯೇ. ಉಸ್ತಾದರು ಅದನ್ನು ನೋಡಲಿಲ್ಲ. ಗ್ಯಾರೇಜಿನ ಒಳಗೆ ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದರು.

ಪ್ರಯಾಣ ಬೇಡ, ನಾನು ಹೋಗುವುದಿಲ್ಲ ಎಂದೆ. ಆಗ ತಿರುಗಿದರು.

"ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನನ್ ಕೆಲ್ಸ ಕೆಟ್ಟಿದೆ ಅಂತಾರೆ. ಕೆಲ್ಸ ಸರಿ ಇದೆ ಮೇಡಂ. ನಾನೇ ಸರಿ ಇಲ್ಲ." ಆಮೇಲೆ, "ಇಳೀವಾಗ ಇಂಜಿನ್ ಬಂದ್ ಆದ್ರೆ ಒತ್ತಿ ಬಿಟ್ಟು ಆಟ ಆಡ್ಬೇಡಿ. ಒಂದೇ ಸಲ, ಎರಡೂ ಕಾಲಲ್ಲಿ ತುಳೀರಿ. ಬಿಡ್ಲೇಬೇಡಿ" ಎಂದರು.

ಹೋದೆವು. ಆ ಹಾಸುಬಂಡೆಯ ತಲೆಯ ಮೇಲೆ ಬ್ರೇಕು ತುಳಿದು ನಿಂತೆ. ಕೆಳಗೆ ನಮ್ಮ ಗುಂಪಿನವನೊಬ್ಬ ಜೀಪಿಗೆ ಎದುರಾಗಿ ನಿಂತು, ಎಡಕ್ಕೆ ಬಲಕ್ಕೆ ಎಂದು ಕೈಸನ್ನೆ ಮಾಡುತ್ತಿದ್ದ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನು ಮಾತ್ರ ಅವನನ್ನು ಕಂಡು, ಪಕ್ಕಕ್ಕೆ ಹೋಗು, ಹೋಗೋ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವನು ಸರಿಯುವವರೆಗೂ ಕಾಲು ಎತ್ತಲಿಲ್ಲ. ಇಳಿದದ್ದು ನೆನಪಿಲ್ಲ. ಕೂಗಿದ್ದು ಇದೆ.

ವಾಪಸು ಬಂದ ಮೇಲೆ, ಬ್ರೇಕು ಹಿಡಿಯಿತೆಂದು ಹೇಳಲು ಗಂಗಾನಗರಕ್ಕೆ ಹೋದೆ. ಉಸ್ತಾದರು ಒಳಗೆ ಯಾವುದೋ ಕಾರ್ಬುರೇಟರ್ ತೊಳೆಯುತ್ತಿದ್ದರು.

"ಬಂಡೆ ಇಳಿದ್ರಾ?"

"ಇಳಿದ್ವಿ."

"ನಿಂತ್ಕೊಂತಾ?"

"ನೀವು ಹೇಳಿದ ಹಾಗೇ."

ತಲೆಯಾಡಿಸಿದರು. ಬ್ರೇಕ್ ಕೆಲಸವನ್ನೆಲ್ಲ ಈಗ ತಾನೇ ನೋಡಿಕೊಳ್ಳುತ್ತಿರುವುದಾಗಿ ನಯಾಜ್ ಮೆಲ್ಲಗೆ ಹೇಳಿದ. ಅದಾದ ಕೆಲವು ದಿನಗಳಿಗೆ ಉಸ್ತಾದರು ಮಾಕಳಿಯಲ್ಲಿರುವ ಮಗಳ ಮನೆಗೆ ಹೋಗಿಬಿಟ್ಟರು, ಅವರನ್ನು ನಾನು ಮತ್ತೆ ಕಾಣಲಿಲ್ಲ. ಆದರೆ ಅಂದು ಎದುರು ಬದಿಯ ಅಂಗಡಿಯಿಂದ ಯಾರೋ ಟೀಗೆ ಕರೆದರು, ಅವರು ಎದ್ದರು. ನನ್ನ ಜೀಪು ಗ್ಯಾರೇಜಿನ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಗೇರಿಗೆ ಹಾಕಿದ್ದೆ, ಒಳಗೆ ಯಾರೂ ಇರಲಿಲ್ಲ. ಅದರ ಮುಂದೆ ಮೋರಿಯವರೆಗೂ ರಸ್ತೆ ಖಾಲಿ. ಹಿಂದೆ ಕರೆಂಟ್ ಕಂಬ, ಕಂಬಕ್ಕೆ ಒತ್ತಿಕೊಂಡು ಹಳೆಯ ಟೈರುಗಳ ರಾಶಿ.

ಉಸ್ತಾದರು ಮುಂದಿನ ಬಂಪರನ್ನು ಒಮ್ಮೆ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ, ಕಂಬಕ್ಕೂ ಜೀಪಿಗೂ ನಡುವಿನ ಸಂದಿಯಲ್ಲಿ ಉಸಿರು ಹಿಡಿದು, ಅಡ್ಡಡ್ಡ ನುಸುಳಿ ದಾಟಿದರು.