ಒರತೆಯ ಇಳಿಜಾರು

ಕೊರಟಗೆರೆ ಕಡೆಯ ಬೆಟ್ಟಗಳ ಸಂದಿನಲ್ಲಿ ಹರಿಯುವ ನಮ್ಮ ಹೊಳೆ ಬೇಸಿಗೆಯಲ್ಲಿ ಮರಳಿನಡಿಗೆ ಇಳಿದುಬಿಡುತ್ತದೆ. ಬತ್ತಿತು ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮರಳು ತೋಡಿ ನೋಡಲಿ, ನೀರು ಅಲ್ಲೇ ಇರುತ್ತದೆ. ಕುರಿ ಮೇಯಿಸುವ ನಾವು ಹಾಗೆ ತೋಡಿದ ಒರತೆಯಿಂದಲೇ ನೀರು ಮೊಗೆದು ಕುರಿಗಳಿಗೆ ಕುಡಿಸುತ್ತೇವೆ. ತೋಡುವಾಗ ಬೆಟ್ಟದ ಕಡೆಯ ಮಗ್ಗುಲನ್ನು ಇಳಿಜಾರು ಬಿಡುವುದು ನಮ್ಮವರ ರೂಢಿ. ನಾವು ಮನೆಗೆ ಹೋದ ಮೇಲೆ ನರಿ, ಮುಳ್ಳುಹಂದಿ, ಕರಡಿ ಅಲ್ಲಿ ಇಳಿದು ಕುಡಿಯುತ್ತವೆ. ಬೆಳಿಗ್ಗೆ ಹೆಜ್ಜೆ ನೋಡಿಯೇ ಯಾರು ಬಂದಿದ್ದರು ಅಂತ ನಾನು ಹೇಳಬಲ್ಲೆ.

ಹೋದ ಬೇಸಿಗೆಯಲ್ಲಿ ನನ್ನ ಗಂಡನಿಗೆ ದಿನಾ ಕುಸಿಯುವ ಮರಳು ಎತ್ತಿ ಎತ್ತಿ ಸಾಕಾಯಿತು. ಒರತೆಗೆ ಸಿಮೆಂಟಿನ ರಿಂಗ್ ಇಳಿಸಿದ.

"ಇಳಿಜಾರು ಬುಡ್ಲಿಲ್ವಾ?" ಅಂದೆ.

"ಕಾಡುಪ್ರಾಣಿಗೆ ದಾರಿ ನಾವ್ಯಾಕೆ ಮಾಡ್ಕೊಡ್ಬೇಕು? ನೀರು ಹೆಂಗೆ ತಿಳಿಯಾಗೈತೆ ನೋಡು!" ಅಂತ ಮೀಸೆ ತಿರುವಿದ. ನೀರು ತಿಳಿಯಾಗಿದ್ದದ್ದು ನಿಜ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಒಂದು ಬೆಳಿಗ್ಗೆ ನಾವು ಕುರಿ ಹೊಡೆದುಕೊಂಡು ಹೋದಾಗ ರಿಂಗಿನೊಳಗಿಂದ ಕಿರುಚಾಟ ಕೇಳಿಸಿತು. ಕರಡಿ ಮರಿ ಬಿದ್ದಿತ್ತು. ತಾಯಿ ಸುತ್ತಲಿನ ಮರಳನ್ನು ಹುಚ್ಚು ಹಿಡಿದಂತೆ ಕೆದರುತ್ತಿತ್ತು. ನಮ್ಮ ಸದ್ದಿಗೆ ಅದು ಎದುರು ದಡದ ಬಂಡೆಗಳ ಹಿಂದೆ ಸರಿಯಿತು.

"ಲೇ, ಹತ್ರ ಹೋಗ್ಬ್ಯಾಡ! ತಾಯಿ ಬಂದ್ರೆ ಸಿಗ್ದಾಕ್ಬುಡ್ತದೆ!" ಅಂದ ಗಂಡ.

"ಮರಿ ಸತ್ರೆ ನಾನು ಈ ನೀರು ಮುಟ್ಟಾಕಿಲ್ಲ," ಅಂದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಬೆಟ್ಟದ ಕರಡಿಗಳನ್ನು ನೋಡಿಕೊಂಡೇ ಬೆಳೆದವಳು ನಾನು. ದಡದಲ್ಲಿ ಬಿದ್ದಿದ್ದ ಹೊಂಗೆಯ ಕೊಂಬೆಯನ್ನು ಎಳೆದುಕೊಂಡು ಹೊರಟೆ. ಅವನೂ ಗೊಣಗುತ್ತಲೇ ಬಂದು ಇನ್ನೊಂದು ತುದಿ ಹಿಡಿದ. ಮರಿ ನೀರಿನ ಮೇಲೆ ಮೂಗಷ್ಟೇ ಇಟ್ಟು ಒದ್ದಾಡುತ್ತಿತ್ತು. ಕೊಂಬೆಯನ್ನು ಓರೆಯಾಗಿ ಒಳಗಿಳಿಸಿ, ವಾಪಸು ಬಂದು ದೂರದಲ್ಲಿ ಕುರಿಗಳ ಜೊತೆ ನಿಂತೆವು.

ಮರಿ ಕೊಂಬೆ ಹತ್ತಿ ಬಂದು ಮರಳಿನ ಮೇಲೆ ದೊಪ್ಪನೆ ಬಿತ್ತು. ತಾಯಿ ಇಳಿದು ಬಂದು ಅದನ್ನು ಮೂಸಿತು. ಆಮೇಲೆ ರಿಂಗಿನ ಮೇಲೆ ಮುಂಗಾಲು ಊರಿ, ತಲೆ ತೂರಿಸಿ, ನಾಲಿಗೆ ಚಾಚಿತು. ನೀರು ಎಟುಕಲಿಲ್ಲ. ಹಿಂದಕ್ಕೆ ಬಂದು ಮರಿಯ ಒದ್ದೆ ಮೈಯನ್ನು ನೆಕ್ಕತೊಡಗಿತು. ಬೆನ್ನು, ಕಿವಿ, ಹೊಟ್ಟೆ, ಒಂದು ಹನಿಯನ್ನೂ ಬಿಡಲಿಲ್ಲ. ನನಗೆ ಅಳು ಬಂತು.

ಅವು ಬೆಟ್ಟ ಹತ್ತಿ ಹೋದ ಮೇಲೆ ಗಂಡನನ್ನು ಚೆನ್ನಾಗಿ ಬಯ್ಯಬೇಕೆಂದು ಬಾಯಿ ತೆರೆದೆ.

"ಹಾರೆ ಎಲ್ಲಿಟ್ಟಿದ್ದೀಯಾ?" ಅಂತ ರಿಂಗಿನ ಬೆಟ್ಟದ ಕಡೆಯ ಮಗ್ಗುಲನ್ನೇ ನೋಡುತ್ತ ಅವನೇ ಕೇಳಿದ.