ಎದುರು ಕೂತು ಕಲಿತ ಅಕ್ಷರ

ನಾನು ದಡ್ಡಿ ಎಂದು ತೀರ್ಮಾನಿಸಲು ನಜರ್‌ಬಾದಿನ ನಮ್ಮ ಬೀದಿಗೆ ನಾಲ್ಕು ತಿಂಗಳು ಸಾಕಾಯಿತು. ಅಲ್ಲವೆಂದು ಗೊತ್ತಾಗಲು ಹಿಡಿದದ್ದು ಐದೇ ನಿಮಿಷ. ಆ ನಾಲ್ಕು ತಿಂಗಳ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆ ಐದು ನಿಮಿಷದ ನೆಮ್ಮದಿಯೂ ಹಾಗೇ ಉಳಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಿರಬೇಕು. ಅಪ್ಪ ಪೇಟೆಯ ಕಡೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ. ಮೊಳೆ ಎಂದರೆ ಸೀಸದಲ್ಲಿ ಎರಕ ಹೊಯ್ದ ಒಂದೊಂದು ಅಕ್ಷರ. ಅವನ್ನು ಗೂಡುಗಳಿಂದ ಹೆಕ್ಕಿ, ಅಂಗೈಯಲ್ಲಿ ಹಿಡಿಯುವಂಥ ಒಂದು ಕಬ್ಬಿಣದ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಆ ಪಟ್ಟಿಗೆ ಸ್ಟಿಕ್ಕು ಎನ್ನುತ್ತಿದ್ದರು. ಊರಿನಲ್ಲಿ ಅವನ ಅಣ್ಣಂದಿರು ನೇಗಿಲು ಹಿಡಿದಿದ್ದರು. ನಾಲ್ಕನೇ ಕ್ಲಾಸು ಮುಗಿಸಿ ಮೈಸೂರಿಗೆ ಬಂದ ಅಪ್ಪನಿಗೆ ಮಾತ್ರ ಯಂತ್ರ ಎಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೆ.

"ಕೈಲಿ ಬರೆದದ್ದು ಒಬ್ಬನಿಗೆ, ಅಚ್ಚಾದದ್ದು ಊರಿಗೆ" ಎಂದು ಎಲ್ಲರೆದುರೂ ಹೇಳುತ್ತಿದ್ದ.

ಅವನ ಅವ್ವ, ಅಂದರೆ ನನ್ನ ಅಜ್ಜಿ, ಸುಗ್ಗಿ ಮುಗಿಸಿಕೊಂಡು ಬಂದಾಗಲೆಲ್ಲ ಇದಕ್ಕೆ ಉತ್ತರ ಕೊಡುತ್ತಿದ್ದಳು. ಅಜ್ಜಿಯ ಪ್ರಕಾರ ಯಂತ್ರ ಮುಟ್ಟಿದ್ದೆಲ್ಲ ಸಪ್ಪೆ. ಮಿಲ್ಲಿನ ರಾಗಿಹಿಟ್ಟಿನ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ನಲ್ಲಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಅಪ್ಪ ಜೋಡಿಸಿದ ಲಗ್ನಪತ್ರಿಕೆಯ ಮದುವೆಗಳೂ ಅಷ್ಟಕ್ಕಷ್ಟೇ. ಅಪ್ಪ ನಗುತ್ತಿದ್ದ. ನನ್ನ ಅವ್ವ ಇಬ್ಬರಿಗೂ ಅದೇ ಮಿಲ್ಲಿನ ಹಿಟ್ಟಿನ ಮುದ್ದೆ ಬಡಿಸುತ್ತಿದ್ದಳು.

ಅವ್ವನಿಗೆ ಓದು ಬರುತ್ತಿರಲಿಲ್ಲ. ಮಗಳಿಗೆ ಬರಲೇಬೇಕು ಎಂಬುದು ಅವಳ ಒಂದೇ ಹಟ. ಅಪ್ಪನಿಗೂ ಆ ಆಸೆ ಇತ್ತು, ಅದನ್ನು ಅವನು ತನ್ನ ರೀತಿಯಲ್ಲಿ ತೀರಿಸಿಕೊಂಡ. ಸವೆದುಹೋಗಿ ಕರಗಿಸಲು ಎತ್ತಿಟ್ಟ ಮೊಳೆಗಳಲ್ಲಿ ಹಿಡಿಯಷ್ಟನ್ನು ಯಜಮಾನರನ್ನು ಕೇಳಿ ಮನೆಗೆ ತಂದ, ಒಂದು ಮುರುಕು ಸ್ಟಿಕ್ಕನ್ನೂ ತಂದ. ಸಂಜೆ ಚಾಪೆಯ ಮೇಲೆ ಅವನೊಂದು ಕಡೆ, ನಾನೊಂದು ಕಡೆ. ನಡುವೆ ಸ್ಟಿಕ್ಕು. ಅವನು ಒಂದೊಂದೇ ಮೊಳೆ ನಿಲ್ಲಿಸಿ "ಅ" ಎನ್ನುವನು, "ರ" ಎನ್ನುವನು. ಎರಡೂ ಸೇರಿದರೆ "ಅರ". ನಾನು ಬೆರಳಿಂದ ಮುಟ್ಟಿ ಮುಟ್ಟಿ ನೋಡುವೆ. ಶಾಲೆಗೆ ಸೇರುವ ಹೊತ್ತಿಗೆ ನನಗೆ ಎಲ್ಲ ಅಕ್ಷರವೂ ಬೆರಳಿನ ತುದಿಯಲ್ಲಿತ್ತು. ಭಾನುವಾರ ಒಮ್ಮೊಮ್ಮೆ ಅಪ್ಪ ಮೊಳೆಗಳಿಗೆ ಮಸಿ ಸವರಿ ಕಾಗದ ಒತ್ತುತ್ತಿದ್ದ. ಮೊಳೆಯಲ್ಲಿ ಹಿಂದುಮುಂದಾಗಿದ್ದದ್ದು ಕಾಗದದಲ್ಲಿ ನೆಟ್ಟಗಾಗುತ್ತಿತ್ತು. ಆರು ವರ್ಷದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಾಡುವಾಗ ಹಾಗಿರುತ್ತದೆ, ಆದ ಮೇಲೆ ಹೀಗಿರುತ್ತದೆ ಎಂದುಕೊಂಡೆ.

ಶಾಲೆ ಬೀದಿಯ ಕೊನೆಯಲ್ಲೇ ಇತ್ತು. ಮೇಡಂ ಬೋರ್ಡಿನ ಮೇಲೆ ಬರೆದದ್ದನ್ನು ನಾನು ಎಲ್ಲರಿಗಿಂತ ಮೊದಲು ಓದಿಬಿಡುತ್ತಿದ್ದೆ. ಅದು ಆದ ಮೇಲಿನ ಅಕ್ಷರ, ಕಾಗದದ ಮೇಲಿನದರಂತೆ ನೆಟ್ಟಗಿರಬೇಕಾದದ್ದೇ. ನನ್ನ ಸ್ಲೇಟಿನ ಮೇಲೆ ನಾನು ಮಾಡುವುದು ಮೊಳೆಯ ಅಕ್ಷರ. ಹಾಗಾಗಿ ಬಲಗಡೆಯಿಂದ ಶುರುಮಾಡಿ, ಪ್ರತಿ ಅಕ್ಷರವನ್ನೂ ಹಿಂದುಮುಂದಾಗಿ, ಮುತ್ತು ಪೋಣಿಸಿದಂತೆ ಬರೆದೆ. ಸೊನ್ನೆಯೊಂದೇ ಸರಿ ಬಂತು. ಸೊನ್ನೆಗೆ ಎಡಬಲ ಇಲ್ಲವಲ್ಲ.

ಮೇಡಂಗೆ ಇದು ಹಟ ಎನಿಸಿತು. ಓದುವಾಗ ನಾಲಿಗೆ ಚುರುಕು, ಬರೆಯುವಾಗ ಕೈ ಮೊಂಡು ಎಂದರೆ ಮತ್ತೇನು ಅಂದುಕೊಂಡಾರು? ಬೈದರು, ಬೆಂಚಿನ ಮೇಲೆ ನಿಲ್ಲಿಸಿದರು. ಕೊನೆಗೆ ಬೇಸತ್ತು ದಡ್ಡಿ ಎಂದರು. ಯಾಕೆ ಹೀಗೆ ಬರೆಯುತ್ತೀ ಎಂದು ಒಬ್ಬರೂ ಕೇಳಲಿಲ್ಲ. ನನಗೂ ರೋಷ ಬಂತು. ಒಂದು ದಿನ ಸ್ಲೇಟಿನ ಮೇಲೆ ಬಳಪದಿಂದ ದಪ್ಪಗೆ ಬರೆದು, ಲಂಗದ ತುದಿ ಒದ್ದೆಮಾಡಿ, ಅದರ ಮೇಲೆ ಒತ್ತಿ ಹಿಡಿದೆ. ಲಂಗದ ಮೇಲೆ ಮಸಕಾಗಿ ಬಿಳಿ ಅಕ್ಷರ ನೆಟ್ಟಗೆ ಮೂಡಿತು. ಓಡಿಹೋಗಿ ತೋರಿಸಿದೆ. ಅವರ ಕಣ್ಣಿಗೆ ಬಿದ್ದದ್ದು ಕೊಳೆಯಾದ ಲಂಗ ಮಾತ್ರ.

ದಸರಾ ರಜೆ ಮುಗಿದ ಮೇಲೆ ಅವ್ವನನ್ನು ಕರೆಸಿದರು. "ಒಂದಕ್ಷರಾನೂ ನೆಟ್ಟಗಿಲ್ಲ ಕಣಮ್ಮ. ಸಂಕ್ರಾಂತಿಯೊಳಗೆ ಸರಿಹೋಗದಿದ್ರೆ ಈ ಮಗೂನ ಇಟ್ಕೊಂಡು ಪ್ರಯೋಜನ ಇಲ್ಲ. ಮನೆಗೆಲಸ ಕಲಿಸಿ" ಎಂದರು.

ಅವ್ವ ನನ್ನ ಕೈಹಿಡಿದು ಬಂದಳು. ಆ ಸುದ್ದಿ ನಮಗಿಂತ ಮೊದಲೇ ಬೀದಿಯ ಮನೆಮನೆ ಮುಟ್ಟಿತ್ತು. ಮೂಲೆಯ ಅಂಗಡಿಯ ಸಾಹುಕಾರರು ಹಣೆಯ ವಿಭೂತಿಯವರೆಗೆ ಹುಬ್ಬೇರಿಸಿ, "ಸಾಯಂಕಾಲ ಆದ್ರೆ ಪಾರ್ಕಲ್ಲಿ ಕಂಬಕ್ಕೆ ಕಟ್ಟಿರೋ ರೇಡಿಯೋ ಕೆಳಗೆ ನಿಂತಿರ್ತಾಳೆ ಕಣಮ್ಮ. ಆ ಸದ್ದು ತಲೇಲಿ ಕೂತ್ಬುಡುತ್ತೆ. ಇನ್ನು ಅಕ್ಷರಕ್ಕೆ ಜಾಗ ಎಲ್ಲಿ?" ಎಂದರು. ಆ ಸಲ ದಸರಾ ನೋಡಲು ಬಂದು ನಮ್ಮಲ್ಲೇ ಉಳಿದಿದ್ದ ಅಜ್ಜಿಗೆ ಅದೆಲ್ಲ ಬೇಕಿರಲಿಲ್ಲ, ಅವಳ ಕಾರಣ ತಯಾರಿತ್ತು.

"ಮಿಲ್ಲಿನ ಇಟ್ಟು ತಿಂದ್ರೆ ಬುದ್ಧಿ ಎಂಗೆ ಬಂದದು? ನಾನು ಊರಿಗೆ ಕರ್ಕೊಂಡೋಯ್ತೀನಿ ಬುಡು. ದನ ನೋಡ್ಕೊಂಡು, ರಾಗಿ ಬೀಸ್ಕೊಂಡು ನೆಟ್ಟಗಾಯ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

ನನಗೆ ಊರಿನ ದನ ಎಂದರೆ ಭಯ. ಅದಕ್ಕಿಂತ ಹೆಚ್ಚು ಹೆದರಿದ್ದು, ಅವ್ವ ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನೋಡಿ. ಹೊಗೆ ಎಂದಳು. ಅವತ್ತು ಒಲೆ ಹಚ್ಚಿಯೇ ಇರಲಿಲ್ಲ.

ಅಪ್ಪನ ಪಾಡು ಬೇರೆ. ಪ್ರತಿ ಸಂಜೆ ನಾನು ಚಾಪೆಯ ಈ ಕಡೆ ಸ್ಲೇಟು ಇಟ್ಟುಕೊಂಡು ಬರೆಯುತ್ತಿದ್ದೆ, ಅವನು ಆ ಕಡೆ ಕೂತು ಓದುತ್ತಿದ್ದ. ಸರಾಗವಾಗಿ ಓದುತ್ತಿದ್ದ. ಒಂದು ತಪ್ಪೂ ಸಿಗುತ್ತಿರಲಿಲ್ಲ.

"ಎಲ್ಲಾ ಸರಿಯಾಗೇ ಇದೆಯಲ್ಲೇ. ಒತ್ತಕ್ಷರ ಕೂಡ ಎಷ್ಟು ಚೆನ್ನಾಗಿ ಬರ್ದವ್ಳೆ. ಆ ಮೇಡಮ್ಮಂಗೆ ಕಣ್ಣು ಕಾಣಲ್ವಾ?" ಎಂದು ಸಿಡುಕಿದ.

ಅವ್ವ ಬಗ್ಗಿ ನೋಡಿದಳು. ಅವಳಿಗೆ ಗೊತ್ತಿದ್ದದ್ದು ರಂಗೋಲಿ. ರಂಗೋಲಿ ಎಡಕ್ಕೂ ಬಲಕ್ಕೂ ಒಂದೇ. ಆ ಅಳತೆಯಲ್ಲಿ ಅವಳಿಗೂ ತಪ್ಪು ಕಾಣಲಿಲ್ಲ. "ಹಂಗಾದ್ರೆ ನೀವೇ ಬಂದು ಹೇಳ್ರೀ" ಎಂದಳು. ಅಜ್ಜಿ ಆಗಲೇ ನನ್ನ ಎರಡು ಲಂಗಗಳನ್ನು ಗಂಟು ಕಟ್ಟಿಟ್ಟಿದ್ದಳು.

ಸಂಕ್ರಾಂತಿಗೆ ವಾರವಿದ್ದಾಗ ಅಪ್ಪ ಅರ್ಧ ದಿನ ರಜ ಹಾಕಿದ. ಒಗೆದ ಪಂಚೆ ಉಟ್ಟ, ಕೋಟು ಹಾಕಿದ. ಬೆರಳ ಸಂದಿಯ ಮಸಿ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಮೇಡಂ ಮುಂದೆ ನಿಂತ. ದಾರಿಯುದ್ದಕ್ಕೂ ಜಗಳಕ್ಕೆ ಸಿದ್ಧವಾಗಿದ್ದ ಮನುಷ್ಯ ಬಾಗಿಲಲ್ಲೇ ಮೆತ್ತಗಾಗಿಬಿಟ್ಟ.

"ನನ್ನ ಮಗಳು ಬರೆಯೋದ್ರಲ್ಲಿ ತಪ್ಪಿಲ್ಲ ಮೇಡಮ್ನೋರೇ. ದಿನಾ ನಾನೇ ನೋಡ್ತೀನಿ."

ಮೇಡಂ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದು ಗೊಣಗಿಕೊಂಡು ನನಗೆ ಬರೆಯಲು ಹೇಳಿದರು. "ಅರಮನೆಯ ಮುಂದೆ ಆನೆ" ಎಂದರು. ನಾನು ಅವರ ಮೇಜಿನ ಪಕ್ಕ ನಿಂತು ಬರೆದೆ. ಒಂದು ಕೊಂಬೂ ಬಿಡಲಿಲ್ಲ. ಮೇಡಂ ಸ್ಲೇಟನ್ನು ಅಪ್ಪನ ಕೈಗೆ ಕೊಟ್ಟು, "ಓದಿ ನೋಡೋಣ" ಎಂದರು.

ಅಪ್ಪ ಸ್ಲೇಟು ತೆಗೆದುಕೊಂಡ. ಒಂದು ಗಳಿಗೆ ಯಾಕೋ ತಡವರಿಸಿದ. ಆಮೇಲೆ ಕೆಳಗಿನದು ಮೇಲೆ ಬರುವಂತೆ ಸ್ಲೇಟನ್ನು ತಿರುಗಿಸಿ ಹಿಡಿದು, "ಅರಮನೆಯ ಮುಂದೆ ಆನೆ" ಎಂದು ಗಟ್ಟಿಯಾಗಿ ಓದಿದ. ಮುಖದಲ್ಲಿ ಗೆದ್ದ ಕಳೆ.

ಮೇಡಂ ಎದ್ದು ನಿಂತರು. "ಯಾಕ್ರೀ ತಲೆಕೆಳಗು ಹಿಡಿದ್ರಿ?"

"ತಲೆಕೆಳಗಾ?"

"ನೀವು ಕೆಲಸ ಏನು ಮಾಡ್ತೀರಿ?"

ಅಪ್ಪ ಹಿಂದೆ ಬಚ್ಚಿಟ್ಟಿದ್ದ ಇನ್ನೊಂದು ಕೈಯನ್ನು ಮುಂದೆ ತಂದ. ಮಸಿ ಹಿಡಿದ ಬೆರಳುಗಳನ್ನು ನೋಡಿದ, ಸ್ಲೇಟು ನೋಡಿದ, ನನ್ನನ್ನು ನೋಡಿದ. ಸ್ಟಿಕ್ಕಿನಲ್ಲಿ ನಿಲ್ಲಿಸಿದ ಮೊಳೆಗಳನ್ನು ಅವನು ದಿನವಿಡೀ ತಲೆಕೆಳಗಾಗಿಯೇ ಓದುವವನು. ಚಾಪೆಯ ಆ ಕಡೆಯಿಂದ ನನ್ನ ಬರಹವೂ ಅವನಿಗೆ ಹಾಗೇ ಕಂಡಿತ್ತು, ಪ್ರತಿ ಸಂಜೆ, ಪಕ್ಕಾ ಸ್ಟಿಕ್ಕಿನ ಸಾಲಿನಂತೆ. ಸ್ಟಿಕ್ಕಿನ ಅದೇ ಸಾಲು ಎದುರು ಕೂತ ನನಗೆ ತಲೆಕೆಳಗಾಗದೆ, ಹಿಂದುಮುಂದಾಗಿ ಮಾತ್ರ ಕಂಡಿತ್ತು.

"ಅಚ್ಚುಕೂಟದಲ್ಲಿ ಮೊಳೆ ಜೋಡಿಸ್ತೀನಿ ಮೇಡಮ್ನೋರೇ. ತಪ್ಪು ಮಗೂದಲ್ಲ. ನಾನೇ ಕೆಡಿಸ್ಬುಟ್ಟೆ."

ಮೇಡಂ ಕಿಟಕಿಯ ಹತ್ತಿರ ಹೋಗಿ ಸ್ಲೇಟನ್ನು ಗಾಜಿನೆದುರು ಹಿಡಿದರು. ಗಾಜಿನಲ್ಲಿ ಅರಮನೆಯೂ ಆನೆಯೂ ನೆಟ್ಟಗೆ ನಿಂತಿದ್ದವು. ನಂತರ ನನ್ನ ಕಡೆ ತಿರುಗಿ, "ಅವತ್ತು ಲಂಗದ ಮೇಲೆ ಒತ್ತಿದ್ದು ಇದಕ್ಕೇನೇ?" ಎಂದರು. ನಾನು ತಲೆಯಾಡಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಇದು ದಡ್ಡಿ ಅಲ್ಲ ಕಣ್ರೀ. ನೀವು ಏನು ಕಲಿಸಿದ್ರೋ ಅದನ್ನ ಚಾಚೂ ತಪ್ಪದೆ ಕಲಿತಿದೆ. ಇನ್ಮೇಲೆ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ" ಎಂದರು.

ನನಗೆ ಅಳು ಬಂತು. ಅಷ್ಟು ತಿಂಗಳು ತಡೆದಿದ್ದದ್ದೆಲ್ಲ ಒಟ್ಟಿಗೇ ಬಂತು, ಎಷ್ಟು ಹಗುರವಾಯಿತೆಂದರೆ ಮನೆಗೆ ಓಡುತ್ತಲೇ ಹೋದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ವಿಷಯ ಹೇಳಿದ. ಅವ್ವ ಒಳಗೆ ಹೋಗಿ, ಅಜ್ಜಿ ಕಟ್ಟಿಟ್ಟ ಗಂಟು ಬಿಚ್ಚಿ ನನ್ನ ಲಂಗಗಳನ್ನು ಪೆಟ್ಟಿಗೆಗೆ ಹಾಕಿದಳು. ಅಜ್ಜಿ ಸೋಲೊಪ್ಪುವವಳಲ್ಲ. "ನಾ ಏಳಿರ್ಲಿಲ್ವಾ, ಎಲ್ಲಾ ಮಿಷಿನ್ನಿಂದ್ಲೇ ಆದದ್ದು ಅಂತ" ಎಂದಳು. ಆ ಒಂದು ಸಲ ಅವಳ ಮಾತು ನಿಜವಾಗಿತ್ತು.

ಸಂಜೆ ಅಪ್ಪ ಅಭ್ಯಾಸಬಲದಿಂದ ಚಾಪೆಯ ಆ ಕಡೆಯೇ ಕೂತ. ನಾನು ಬಳಪ ಹಿಡಿದೆ, ಬರೆಯಲಿಲ್ಲ, ಅವನನ್ನೇ ನೋಡಿದೆ. ಅವನಿಗೆ ನೆನಪಾಯಿತು. ಮಂಡಿ ಊರಿ ಎದ್ದು, ಚಾಪೆ ಸುತ್ತಿ ಬಂದು, ನನ್ನ ಪಕ್ಕ ಭುಜ ತಾಗುವ ಹಾಗೆ ಕೂತ. ಮೈಯಿಂದ ಸೀಮೆಎಣ್ಣೆಯ, ಮಸಿಯ ವಾಸನೆ ಬರುತ್ತಿತ್ತು. ನಾನು ಎಡಗಡೆಯಿಂದ ಶುರುಮಾಡಿದೆ. ಅ ಸೊಟ್ಟಗಿತ್ತು, ರ ಇನ್ನೂ ಸೊಟ್ಟ. ಮೊದಲಿನ ಅಂದ ಒಂದಿಷ್ಟೂ ಇರಲಿಲ್ಲ.

ಅಪ್ಪ ಬೆರಳಿಟ್ಟು ಓದಿದ. ಸ್ಲೇಟನ್ನು ತಿರುಗಿಸಲಿಲ್ಲ.