ಪ್ರಿನ್ಸಿಪಾಲರನ್ನೇ ಮೊದಲು ಕೇಳಿದ ಲೈಬ್ರರಿ ಅಕ್ಕೋರು

ಮೊನ್ನೆ ಹಳೆಯ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸೀರೆ ತೆಗೆಯಲು ಹೋದವಳು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಗದಗಿನ ನಮ್ಮ ಕಾಲೇಜಿನ ಲೈಬ್ರರಿ ಕಪಾಟುಗಳಿಗೆ ಇದೇ ವಾಸನೆಯಿತ್ತು. ಅಲ್ಲಿಯ ಗ್ರಂಥಪಾಲಕಿಯನ್ನು ನಾವೆಲ್ಲ ಲೈಬ್ರರಿ ಅಕ್ಕೋರು ಎನ್ನುತ್ತಿದ್ದೆವು...

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಓಡಾಡಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ, ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ ಹೊಡೆದು ಕೂತಿದ್ದೆ ಎನ್ನಬೇಕು. "ಈ ಸಲಾನೂ ಹಂಗಾದ್ರ ಓದು ಸಾಕವ್ವಾ, ಮನ್ಯಾಗ ಕುಂಡ್ರು" ಎಂದಿದ್ದರು ಅಪ್ಪ. ಅವರು ಆಡಿದ ಮಾತು ತಪ್ಪುವವರಲ್ಲ. ಸಂಖ್ಯಾಶಾಸ್ತ್ರ ತಲೆಗೆ ಹತ್ತುವಂತೆ ಬರೆದ ಪುಸ್ತಕ ಲೈಬ್ರರಿಯಲ್ಲಿ ಒಂದೇ ಒಂದಿತ್ತು. ಅದು ಅರ್ಥಶಾಸ್ತ್ರದ ಸರ್ ಮನೆ ಸೇರಿ ವರ್ಷಗಳೇ ಆಗಿದ್ದವು. ಒಯ್ದವರು ಸರ್ ಆದರೆ ಕೇಳುವವರು ಯಾರು? ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ಪುಟ್ಟ ಲೈಬ್ರರಿ, ಕಾಲೇಜಿನ ಖರ್ಚಿನಲ್ಲಿ.

ಆಗ ಹೊಸದಾಗಿ ಬಂದಿದ್ದ ಅಕ್ಕೋರ ಮುಂದೆ ನಿಂತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. "ಕಣ್ಣ ಒರಿಸ್ಕೋ, ನಡಿ" ಎಂದು ನೇರ ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು. ಪ್ರಿನ್ಸಿಪಾಲರ ಮನೆಯಲ್ಲೂ ಲೈಬ್ರರಿಯ ಪುಸ್ತಕಗಳಿದ್ದವು. ಅಕ್ಕೋರು ಮೊದಲು ಅವನ್ನೇ ಕೇಳಿದರು.

"ನನಗೂ ಕಾಯ್ದೆ ಏನ್ರಿ?" ಎಂದರು ಪ್ರಿನ್ಸಿಪಾಲರು.

"ನಿಮ್ಮಿಂದನ ಶುರು ಆಗಬೇಕ್ರಿ ಸರ್. ನಾ ಕೇಳಿದ್ರ ಯಾರೂ ಕೊಡಂಗಿಲ್ಲ. ನೀವು ಕೊಟ್ರ ಯಾರೂ ಇಟ್ಕೊಳ್ಳಂಗಿಲ್ಲ."

ಮರುದಿನವೇ ಆ ಪುಸ್ತಕಗಳು ಲೈಬ್ರರಿಯ ಬಾಗಿಲೆದುರಿನ ಮೇಜಿನ ಮೇಲಿದ್ದವು. ಪಕ್ಕದಲ್ಲಿ ಅಕ್ಕೋರು ದುಂಡಗೆ ಬರೆದ ಚೀಟಿ: 'ವಿದ್ಯಾರ್ಥಿಗಳಿಗಾಗಿ ಪ್ರಿನ್ಸಿಪಾಲರು ಬಿಟ್ಟುಕೊಟ್ಟವು.' ಇನ್ನೇನು ಬೇಕು? ವಾರದೊಳಗೆ ಸರ್‌ಗಳು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು, ಕೈಚೀಲದಲ್ಲಿ ತುಂಬಿಕೊಂಡು ಪುಸ್ತಕ ತಂದರು. ತಮ್ಮ ಹೆಸರಿನ ಚೀಟಿ ಬಿತ್ತೋ ಇಲ್ಲವೋ ಎಂದು ನಿಂತು ನೋಡಿಯೇ ಹೋದರು. ಅರ್ಥಶಾಸ್ತ್ರದ ಸರ್ ಮಾತ್ರ ತರಲಿಲ್ಲ.

ಒಂದು ರವಿವಾರ ಅಕ್ಕೋರು ನನ್ನನ್ನು ಕರೆದುಕೊಂಡು ಬೆಟಗೇರಿಯಲ್ಲಿದ್ದ ಸರ್ ಮನೆಗೇ ಹೋದರು. ಸರ್ "ಎಲ್ಲೋ ಇಟ್ಟೀನ್ರಿ..." ಎಂದು ತಡವರಿಸಿದರು. ಪಾಪ, ಅವರ ಹೆಂಡತಿಗೆ ಏನೂ ಗೊತ್ತಿಲ್ಲ. "ಇದ ಅಲ್ಲೇನ್ರಿ?" ಎಂದು ಹೊಲಿಗೆ ಯಂತ್ರದ ಕುಂಟು ಕಾಲಿನ ಕೆಳಗಿನಿಂದ ಪುಸ್ತಕ ಎಳೆದು ಕೊಟ್ಟರು. ಸರ್ ಮುಖ ಕಪ್ಪಿಟ್ಟಿತು. ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಅಕ್ಕೋರು ಮಾತ್ರ ಏನೂ ಆಗದವರಂತೆ ಪುಸ್ತಕದ ಧೂಳು ಒರೆಸಿದರು.

"ಒಂದ ಹಾಳಿನೂ ಹರದಿಲ್ಲ ನೋಡ್ರಿ. ಸರ್, ಪುಸ್ತಕಕ್ಕಿಂತ ನೀವು ಛಲೋ ಹೇಳ್ತೀರಿ. ಪರೀಕ್ಷಾ ಮುಗಿಯೂ ತನಕ ಈ ಹುಡುಗಿಗೆ ಸ್ವಲ್ಪ ಹೇಳಿಕೊಡ್ರಿ."

ಸರ್ ಜೀವ ತೇದು ಹೇಳಿಕೊಟ್ಟರು. ನಾನು ಪಾಸಾದೆ. ಅಪ್ಪ ಎಂ.ಎ. ಓದಲು ಧಾರವಾಡಕ್ಕೂ ಕಳಿಸಿದರು. ಲೈಬ್ರರಿಯ ಮೇಜಿನ ಮೇಲೆ ಸರ್ ಹೆಸರಿನ ಚೀಟಿಯೂ ಉಳಿದವರ ಚೀಟಿಯಂತೆಯೇ ಇತ್ತು. ಮುಂದೆ ನೌಕರಿಯಲ್ಲಿ ಜೋರು ಮಾಡುವ ಸಾಹೇಬರನ್ನು ಬೇಕಾದಷ್ಟು ಕಂಡೆ. ಯಾರ ತಲೆಯನ್ನೂ ತಗ್ಗಿಸದೆ ಕೆಲಸ ಮಾಡಿಸುವವರನ್ನು ಕಂಡದ್ದು ಅಲ್ಲೊಂದೇ ಕಡೆ.

ಎಷ್ಟೋ ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡರು. ಅವರೂರು ಮುಂಡರಗಿಗೆ ಮಣ್ಣಿಗೆ ಹೋದಾಗ, ಅರ್ಥಶಾಸ್ತ್ರದ ಸರ್ ಕೋಲೂರಿಕೊಂಡು ಬಂದಿದ್ದರು. ನನ್ನ ಕೈ ಹಿಡಿದು, "ನಿನ್ನ ಓದೂ ಉಳಿಸಿದ್ರವ್ವಾ, ನನ್ನ ಮಾನಾನೂ ಉಳಿಸಿದ್ರು. ಆ ಹೊಲಿಗಿ ಮಷಿನ್ ಮಾತು ಯಾರ ಮುಂದೂ ಆಡಲಿಲ್ಲ" ಎಂದರು.

"ಯಾವ ಮಷಿನ್‌ರಿ ಸರ್?" ಎಂದೆ ನಾನು.

ಈಗ ಸರ್ ಕೂಡ ಇಲ್ಲ. ಅದಕ್ಕೇ ಇಷ್ಟು ಬರೆದೆ. ಇದನ್ನು ಓದಿದ್ದರೆ ಅಕ್ಕೋರು ನನಗೆ ಸರಿಯಾಗಿ ಬೈಯುತ್ತಿದ್ದರು... ಬೈಯಲಾದರೂ ಅವರು ಇರಬೇಕಿತ್ತು.